‘ಮರುಪಡೆ’ ಬೇಡ, ‘ಬಿಡಿಸು’ ಆದೀತೇ? ಉಪಗ್ರಹದ ಅನಿಲ ಲೆಕ್ಕಕ್ಕೆ ಪದಗಳು

ಬಾಗಲಕೋಟೆಯಿಂದ ಪ್ರಶ್ನೆ:

ಎಲ್ಲರಿಗೂ ಶರಣು. ಉಪಗ್ರಹದಿಂದ ಗಾಳಿಯೊಳಗಿನ ಅನಿಲ ತಿಳಿಯುವ ವಿಷಯದಲ್ಲಿ ಪದವಿ ತರಗತಿಗೆ ಕನ್ನಡ ಪಾಠವೊಂದು ತಯಾರಾಗುತ್ತಿದೆ. ಮೂರು ಕಡೆ ಪದ ತೊಡರುತ್ತಿದೆ. ‘ರಿಟ್ರೀವಲ್’ಗೆ ‘ಮರುಪಡೆಯುವಿಕೆ’ ಅಂದರೆ ಕೈಗಡ ಕೊಟ್ಟ ರೊಕ್ಕ ವಾಪಸ್ ಬಂದಂಗ ಕೇಳಿಸುತ್ತದೆ. ‘ಕಾಲಂ’ ಅಂದರೆ ಕಂಬವೋ, ಅಂಕಣವೋ? ಯಂತ್ರಕಲಿಕೆಯ ‘ಟ್ರೇನಿಂಗ್’ಗೆ ‘ತರಬೇತಿ’ ಸಾಕೇ?

ಬೆಳಗಾವಿಯಿಂದ ಉತ್ತರ:

ಮೊದಲು ಕೆಲಸ ನೋಡೋಣ, ಪದ ತಾನಾಗಿ ಬಂದೀತು. 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಉಪಕರಣ ಅನಿಲವನ್ನು ಮುಟ್ಟುವುದೇ ಇಲ್ಲ. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ತಲೆಯ ಮೇಲೆ ಹಾಯುವಾಗ, ನೆಲಕ್ಕೆ ಬಡಿದು ಮೇಲೆದ್ದ ಬಿಸಿಲನ್ನು ಬಣ್ಣಬಣ್ಣವಾಗಿ ಸೀಳಿ ಬರೆದಿಡುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಬೇಕೆಂದರೆ ನೋಡುವುದು 405ರಿಂದ 465 ನ್ಯಾನೊಮೀಟರಿನ ಪಟ್ಟಿ. ಓಝೋನ್, ನೀರಾವಿ ಕೂಡ ಅಲ್ಲೇ ತಮ್ಮ ಗುರುತು ಬಿಟ್ಟಿರುತ್ತವೆ. ಒಂದರಿಂದ ಒಂದನ್ನು ಬೇರೆ ಮಾಡಬೇಕು. ಲೆಕ್ಕ ಬಿಡಿಸುತ್ತೇವೆ, ಸಿಕ್ಕು ಬಿಡಿಸುತ್ತೇವೆ, ಶೇಂಗಾನೂ ಬಿಡಿಸುತ್ತೇವೆ. ಹಂಗಾಗಿ ‘ಬಿಡಿಸು’; ನಾಮಪದಕ್ಕೆ ‘ಬಿಡಿಸಿಕೆ’. ‘ಅಳತೆ’ ಅನ್ನುವ ಮಾತು ಬೆಳಕಿಗಷ್ಟೇ ಇರಲಿ.

ಕಾಲಂ ಅಂದರೆ ಒಂದು ಚದರ ಮೀಟರ್ ನೆಲದ ನೆತ್ತಿಯ ಮೇಲೆ ಇರುವ ಅನಿಲದ ಒಟ್ಟು ಮೊತ್ತ. ಐದು ಅಂಕಣದ ಮನೆ ಅನ್ನುವಾಗ ನಮ್ಮ ಕಡೆ ಅಂಕಣ ಅಂದರೆ ಕಂಬಗಳ ನಡುವಿನ ಜಾಗ, ಅಂದರೆ ಗಾಳಿ ಇರುವ ಕಡೆ. ನನ್ನ ಓಟು ಅದಕ್ಕೆ. ಬೆಳಕು ಓರೆಯಾಗಿ ಬಂದು ಹೋದ ದಾರಿಯ ಮೊತ್ತದಿಂದ ಮೇಲಿನ ವಾಯುಸ್ತರದ ಪಾಲು ಕಳೆದು, ‘ಏರ್ ಮಾಸ್ ಫ್ಯಾಕ್ಟರ್’ನಿಂದ (ಓರೆ ದಾರಿಯ ಮೊತ್ತ ನೆಟ್ಟನೆಯ ಮೊತ್ತದ ಎಷ್ಟು ಪಟ್ಟು ಅನ್ನುವ ಅಂಕಿ) ಭಾಗಿಸಿದರೆ ನೆಟ್ಟನೆಯ ಮೊತ್ತ. ಉಳಿದದ್ದು 120 ಮೈಕ್ರೋಮೋಲ್, ಫ್ಯಾಕ್ಟರ್ 1.5 ಆದರೆ ಉತ್ತರ 80.

ಎಡವಟ್ಟಾಗುವುದು ಈ ಫ್ಯಾಕ್ಟರಿನಲ್ಲೇ. ಅನಿಲ ಯಾವ ಎತ್ತರದಲ್ಲಿ ಎಷ್ಟಿದೆ ಅನ್ನುವ ಮುನ್ನಂದಾಜಿನ ಮೇಲೆ ಅದು ನಿಂತಿದೆ. ಮುನ್ನಂದಾಜು ಕೊಡುವ ಕಂಪ್ಯೂಟರ್ ಮಾದರಿಯ ಚೌಕವೋ ಒಂದು ಡಿಗ್ರಿ, ಸುಮಾರು 110 ಕಿ.ಮೀ. ಕೂಡಗಿಯ ವಿದ್ಯುತ್ ಸ್ಥಾವರ, ಆಲಮಟ್ಟಿಯ ಹಿನ್ನೀರು, ಸುತ್ತಲಿನ ಜೋಳದ ಹೊಲ ಎಲ್ಲಾ ಒಂದರೊಳಗೇ. ಚಿಮಣಿಯ ಹೊಗೆಯನ್ನು ಮಾದರಿ ಇಡೀ ಚೌಕಕ್ಕೆ ತೆಳ್ಳಗೆ ಬಳಿದು, ನೆಲದ ಹತ್ತಿರ ಅನಿಲ ಕಡಿಮೆ ಅಂದುಕೊಳ್ಳುತ್ತದೆ. ಫ್ಯಾಕ್ಟರ್ ಹಿಗ್ಗಿ, ಬಿಡಿಸಿದ ಮೊತ್ತ ಕುಗ್ಗುತ್ತದೆ.

ಆ 80 ನೋಡಿದ ಕೂಡಲೇ ನೈಟ್ರೋಜನ್ ಡೈಆಕ್ಸೈಡಿನ 24 ಗಂಟೆಯ ರಾಷ್ಟ್ರೀಯ ಮಿತಿ 80 ನೆನಪಾಗುತ್ತದೆ. ಅದು ಘನ ಮೀಟರಿಗೆ ಮೈಕ್ರೋಗ್ರಾಂ, ಬೇರೆಯೇ ಜಾತಿ. 80 ಮೈಕ್ರೋಮೋಲನ್ನು ಈ ಅನಿಲದ ಅಣುತೂಕ 46ರಿಂದ ಗುಣಿಸಿದರೆ ಚದರ ಮೀಟರಿಗೆ 3,680 ಮೈಕ್ರೋಗ್ರಾಂ, ಒಂದು ಕಿ.ಮೀ. ಎತ್ತರದವರೆಗೆ ಸಮನಾಗಿ ಬೆರೆತಿದ್ದರೆ ಘನ ಮೀಟರಿಗೆ ನಾಲ್ಕೂ ಆಗದು. ಅದಕ್ಕೇ ‘ಮೊತ್ತ’ಕ್ಕೂ ‘ಸಾಂದ್ರತೆ’ಗೂ ಪಾಠದಲ್ಲಿ ಒಂದೇ ಪದ ಬೀಳಬಾರದು.

ಯಂತ್ರಕಲಿಕೆ ನುಸುಳುವುದು ಈ ಸಂದಿನಲ್ಲೇ: ಮೊತ್ತ, ಗಾಳಿ, ತೇವ, ಬೆರೆಯುವ ಪದರಿನ ಎತ್ತರ ಕೊಟ್ಟು ನೆಲಮಟ್ಟದ ಸಾಂದ್ರತೆ ಊಹಿಸಲು ಕಲಿಸುತ್ತಾರೆ. ‘ತರಬೇತಿ’ ತಪ್ಪಲ್ಲ, ಆದರೆ ‘ತಾಲೀಮು’ ಅಂದರೆ ದೋಷವೂ ಅದರಲ್ಲೇ ತಿಳಿಯುತ್ತದೆ. ನೆಲದ ಮೇಲೆ ಗಾಳಿ ಅಳೆಯುವ ಒಂದೇ ಕೇಂದ್ರದ ಅಂಕಿಗಳನ್ನು ಕಲಸಿ ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಇಟ್ಟರೆ, ಗರಡಿಮನೆಯ ಜೋಡಿಯನ್ನೇ ಕೆಡವಿ ಕುಸ್ತಿ ಗೆದ್ದೆ ಅಂದಂತೆ. ಇಡೀ ಕೇಂದ್ರವನ್ನೇ ಹೊರಗಿಟ್ಟು ಪರೀಕ್ಷಿಸಬೇಕು. ಮೋಡ ತೆಗೆದ ದಿನಗಳ ಮೇಲೆ ತಾಲೀಮಾದದ್ದನ್ನು ಆಷಾಢ, ಶ್ರಾವಣಕ್ಕೆ ಹಚ್ಚಿದರಂತೂ ಬರೀ ಊಹೆ.

ವಿಜಯಪುರದಿಂದ:

ಬಿಡಿಸಿಕೆ, ತಾಲೀಮು ಒಪ್ಪಿಗೆ. ಅಂಕಣ ಬೇಡರೀ. ಮೈಸೂರು ಕಡೆಯ ಓದುಗರಿಗೆ ಅದು ಪತ್ರಿಕೆಯ ಅಂಕಣ. ‘ಕಂಬ’ವೇ ಇರಲಿ. ಮೇಲಾಗಿ ಓರೆ ದಾರಿಯ ಮೊತ್ತಕ್ಕೆ ‘ಓರೆ ಕಂಬ’ ಅಂದರೆ ಕಣ್ಣಿಗೆ ಕಟ್ಟುತ್ತದೆ, ‘ಓರೆ ಅಂಕಣ’ ಕಟ್ಟುವುದಿಲ್ಲ.

ಇನ್ನೊಂದು ಜೋಡಿ ಸೇರಿಸಿ: ‘ಸೊನ್ನೆ’ ಮತ್ತು ‘ಖಾಲಿ’. ಉಪಗ್ರಹದ ಚಿತ್ರದ ಪ್ರತಿ ಚುಕ್ಕಿಗೂ ಗುಣಮಟ್ಟದ ಅಂಕವೊಂದು ಇರುತ್ತದೆ; ಅದು 0.75 ದಾಟದ ಚುಕ್ಕಿಯನ್ನು ಬಿಟ್ಟಾಗ ಅಲ್ಲಿ ಉಳಿಯುವುದು ಖಾಲಿ, ಸೊನ್ನೆಯಲ್ಲ. ಸಂಜೆ ಕಬ್ಬಿನ ರವದಿಗೆ ಹಚ್ಚಿದ ಬೆಂಕಿ ಮಧ್ಯಾಹ್ನದ ಉಪಗ್ರಹಕ್ಕೆ ಕಾಣದಿದ್ದರೆ ಅದೂ ‘ಇಲ್ಲ’ ಅಲ್ಲ, ‘ನೋಡಿಲ್ಲ’. ಸ್ವಚ್ಛ ಗಾಳಿಯಲ್ಲಿ ಅಳತೆಯ ಗದ್ದಲದಿಂದ (ಅತ್ತಿತ್ತ ಆಡುವ ಸಣ್ಣ ದೋಷದಿಂದ) ಸೊನ್ನೆಗಿಂತ ಕೆಳಗೂ ಅಂಕಿ ಬರುತ್ತದೆ. ಅವನ್ನು ಕಸವೆಂದು ಅಳಿಸಬೇಡಿ. ಅಳಿಸಿದರೆ ತಿಂಗಳ ಸರಾಸರಿ ಸುಳ್ಳೇ ಏರುತ್ತದೆ.