ಮೆಡಿಕಲ್ ಶಾಪ್ ಮೇಡಂ ಜೊತೆ ಪ್ರಶ್ನೋತ್ತರ

(ಚಿಕ್ಕಮಗಳೂರು ಗುಂಪು. ಈ ಭಾನುವಾರ ಉತ್ತರಿಸುವವರು ಪೇಟೆಯಲ್ಲಿ ಔಷಧಿ ಅಂಗಡಿ ನಡೆಸುವ ಫಾರ್ಮಸಿಸ್ಟ್.)

ಕಡೂರು ಮೇಷ್ಟ್ರು: ಮೇಡಂ ನಮಸ್ತೆ. ಜನೌಷಧಿಯ ಬಿಪಿ ಮಾತ್ರೆ ಅಷ್ಟು ಅಗ್ಗ ಇದೆಯಲ್ಲ, ಕೆಲಸ ಮಾಡುತ್ತಾ?

ಫಾರ್ಮಸಿಸ್ಟ್: ಮಾಡುತ್ತದೆ ಮೇಷ್ಟ್ರೇ. ಕಂಪನಿ ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಚೀಟಿಯಲ್ಲಿ ಔಷಧಿಯ ಹೆಸರು, ಎಷ್ಟು ಎಂಜಿ ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ.

ಕೊಪ್ಪದ ಬೆಳೆಗಾರ: ಮಂಗನ ಕಾಯಿಲೆ ತರುವ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ನಿಮ್ಮಲ್ಲಿ ಸಿಗುತ್ತಾ? ತೋಟದಲ್ಲಿ ಉಣುಗು ಜಾಸ್ತಿ.

ಎಸ್ಟೇಟ್ ರೈಟರ್ (ತೋಟದ ಗುಮಾಸ್ತ), ಮೂಡಿಗೆರೆ: ನಮ್ಮ ಲೈನ್ ಮನೆಯ (ತೋಟದ ಕೂಲಿಯವರ ಸಾಲು ಮನೆ) ಒಬ್ಬ ಹೆಣ್ಣಾಳಿಗೆ ತಿಂಗಳಿಂದ ಕೆಮ್ಮು. ಬಟವಾಡೆ ಆದ ಮೇಲೆ ಸಂತೆಗೆ ಹೋದಾಗಲೆಲ್ಲ ಸಿರಪ್ ತರುತ್ತಾರೆ. ಇದು ನಾಲ್ಕನೇ ಬಾಟಲಿ. ಯಾವ ಸಿರಪ್ ಒಳ್ಳೆಯದು?

ಫಾರ್ಮಸಿಸ್ಟ್: ಯಾವುದೂ ಬೇಡ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಆಗಬೇಕು. ತೂಕ ಇಳಿದಿದೆಯಾ, ಸಂಜೆ ಜ್ವರ ಬರುತ್ತಾ, ರಾತ್ರಿ ಬೆವರುತ್ತಾರಾ, ಕಫದಲ್ಲಿ ರಕ್ತ ಇದೆಯಾ, ಕೇಳಿ. ಕ್ಷಯ ಅಂತ ನಾನು ಹೇಳುತ್ತಿಲ್ಲ. ಅಲ್ಲ ಅಂತ ಖಾತ್ರಿ ಆಗಲಿ. ಪರೀಕ್ಷೆ, ಮಾತ್ರೆ ಎರಡೂ ಸರ್ಕಾರದ್ದೇ, ಉಚಿತ. ಕ್ಷಯ ಆಗಿದ್ದರೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ, ಜೊತೆಗೆ ಊಟಕ್ಕೆ ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ 1000 ರೂಪಾಯಿ. 2024ರ ನವೆಂಬರ್‌ಗೆ ಮೊದಲು 500 ಇತ್ತು.

ಉಚಿತ ಇದ್ದರೂ ಆಯಮ್ಮ ಯಾಕೆ ಹೋಗಿಲ್ಲ? ಆಸ್ಪತ್ರೆ ತೆರೆದಿರುವ ಹೊತ್ತಿಗೆ ಅವರು ಕಾಫಿ ಗಿಡದ ಬುಡದಲ್ಲಿರುತ್ತಾರೆ. ಹೋದರೆ ಆ ದಿನದ ಕೂಲಿ ಇಲ್ಲ. ನಮ್ಮ ಅಂಗಡಿ ರಾತ್ರಿ ಎಂಟಕ್ಕೂ ತೆರೆದಿರುತ್ತದೆ, ಸಾಲು ನಿಲ್ಲಬೇಕಿಲ್ಲ. ಹಾಗಾಗಿ ಕೂಲಿಯವರ ಪಾಲಿಗೆ ಮೊದಲ ಡಾಕ್ಟರು ನಾವೇ ಆಗಿಬಿಡುತ್ತೇವೆ. ಎರಡನೇ ಬಾಟಲಿ ಕೊಡುವಾಗಲೇ ಅಂಗಡಿಯವರು “ಎಷ್ಟು ದಿನದಿಂದ ಕೆಮ್ಮು?” ಅಂತ ಕೇಳಬೇಕಿತ್ತು. ಜನ ಜಾಸ್ತಿ ಇದ್ದ ದಿನ ನಾನೂ ಕೇಳದೆ ಕೊಟ್ಟಿದ್ದೇನೆ, ಸುಳ್ಳು ಹೇಳಲ್ಲ. ಲೆವೊಫ್ಲಾಕ್ಸಾಸಿನ್ ಥರದ ಆ್ಯಂಟಿಬಯಾಟಿಕ್ ತಿಂದಿದ್ದರೆ ಅದರ ಶೀಟು ಡಾಕ್ಟರಿಗೆ ತೋರಿಸಿ. ಅದು ಕ್ಷಯವನ್ನು ಕೆಲವು ದಿನ ಮರೆಮಾಚುತ್ತದೆ. ನಾಳೆಯೇ ಕಳಿಸಿ. ಕೂಲಿ ಹಿಡಿಯಬೇಡಿ.

ತೋಟದ ಮಾಲೀಕ, ಆಲ್ದೂರು: ಕೂಲಿನೂ ಕೊಟ್ಟು ಆಸ್ಪತ್ರೆಗೂ ಕಳಿಸಬೇಕಾ? ಇವರಿಗೆ ಕುಡಿಯೋಕೆ ದುಡ್ಡಿರುತ್ತೆ.

ಬಾಳೆಹೊನ್ನೂರು ಅಕ್ಕ: ಆ ಹೆಂಗಸು ಕುಡಿಯುತ್ತಾಳೆ ಅಂತ ನಿಮಗೆ ಯಾರು ಹೇಳಿದರು?

ತೋಟದ ಮಾಲೀಕ: ಕಾಫಿ ರೇಟು ಬಿದ್ದಾಗ ನಮ್ಮನ್ನು ಯಾರು ಕೇಳ್ತಾರೆ?

ಬಾಳೆಹೊನ್ನೂರು ಅಕ್ಕ: ಕೆಮ್ಮಿಗೂ ಕಾಫಿ ರೇಟಿಗೂ ಏನು ಸಂಬಂಧ ಸ್ವಾಮಿ?

ಫಾರ್ಮಸಿಸ್ಟ್: ಕ್ಷಯವೇ ಆಗಿದ್ದು ಇಡೀ ಲೈನಿಗೆ ಹರಡಿದರೆ ಕಾಫಿ ಹಣ್ಣು ಕೊಯ್ಯುವವರು ಯಾರು? ಆ ಲೆಕ್ಕವನ್ನೂ ಹಾಕಿ.

ತರೀಕೆರೆ ಸದಸ್ಯ: ಬಂದದ್ದು ಹಾಗೇ ಹಾಕಿದ್ದೇನೆ: “ಇನ್ಸುಲಿನ್ ಗಿಡದ ಎರಡು ಎಲೆ ದಿನಾ ತಿನ್ನಿ, ಶುಗರ್ ಮಾತ್ರೆ ಬಿಸಾಡಿ. ಎಲ್ಲರಿಗೂ ಕಳಿಸಿ.”

ಫಾರ್ಮಸಿಸ್ಟ್: ಯಾರಿಗೂ ಕಳಿಸಬೇಡಿ. ಆ ಗಿಡದಲ್ಲಿ ಇನ್ಸುಲಿನ್ ಇಲ್ಲ, ಹೆಸರಷ್ಟೇ. ಮಾತ್ರೆ ಬಿಟ್ಟು ಕಾಲಿನ ಗಾಯ ಕೊಳೆತರೆ ಕಳಿಸಿದವರು ಬಂದು ನೋಡುತ್ತಾರಾ?

ತರೀಕೆರೆ ಸದಸ್ಯ: ನಿಮಗೆ ಮಾತ್ರೆ ಮಾರಬೇಕಲ್ವಾ, ಅದಕ್ಕೆ.

ಫಾರ್ಮಸಿಸ್ಟ್: ಪುಕ್ಕಟೆ ಎಲ್ಲಿ ಸಿಗುತ್ತದೆ ಅಂತ ಹೇಳಿದ್ದೂ ನಾನೇ.

ಅಜ್ಜಂಪುರ: ಜನೌಷಧಿ ಮಾತ್ರೆ ನಿಜವಾಗ್ಲೂ ಕೆಲಸ ಮಾಡುತ್ತಾ?

ಫಾರ್ಮಸಿಸ್ಟ್: ಮೇಲೆ ಓದಿ.

ಕೊಪ್ಪದ ಬೆಳೆಗಾರ: ಡೇಪಾ ಎಣ್ಣೆ ಕೇಳಿದ್ದೆ.

ಎಸ್ಟೇಟ್ ರೈಟರ್: ವಿಚಾರಿಸಿದೆ ಮೇಡಂ. ಸಂಜೆ ಜ್ವರ ಬರುತ್ತಂತೆ. ಅಸ್ಸಾಮಿನವರು, ಆಧಾರ್ ಊರಲ್ಲೇ ಬಿಟ್ಟು ಬಂದಿದ್ದಾರೆ. ಪರೀಕ್ಷೆ ಮಾಡುತ್ತಾರಾ?

ಫಾರ್ಮಸಿಸ್ಟ್: ಮಾಡುತ್ತಾರೆ. ಬ್ಯಾಂಕ್ ಖಾತೆ, ಕಾಗದ ಪತ್ರ ಎಲ್ಲ ಆ ಸಾವಿರ ರೂಪಾಯಿಗೆ, ಅದು ಆಮೇಲಿನ ಮಾತು. ಅವರ ಭಾಷೆ ಬರುವವರೊಬ್ಬರನ್ನು ಜೊತೆಗೆ ಕಳಿಸಿ. ಅಲ್ಲಿ ಏನೆಂದರು ಅಂತ ನನಗೆ ತಿಳಿಸಿ.