ಅಪ್‌ಡೇಟ್: ಸುಡೊ ಪ್ಯಾಚ್ ಹಾಕಿದ್ರೂ ಹಳೇ ದೋಷ ತೋರಿಸ್ತಿದ್ದ ಸರ್ವರ್

ಉಬುಂಟು 20.04 ಲಿನಕ್ಸ್ ಸರ್ವರ್‌ನಲ್ಲಿ ಸುಡೊ (ಸಾಮಾನ್ಯ ಯೂಸರ್‌ಗೆ ರೂಟ್, ಅಂದ್ರೆ ಪೂರ್ಣ ಅಧಿಕಾರದ ಅಡ್ಮಿನ್ ಆಗಿ ಕಮಾಂಡ್ ಓಡಿಸೋಕೆ ಬಿಡೋ ಪ್ರೋಗ್ರಾಂ) ಅಪ್‌ಡೇಟ್ ಆದ್ಮೇಲೂ ಭದ್ರತಾ ಸ್ಕ್ಯಾನರ್ 2021ರ 'ಬ್ಯಾರನ್ ಸ್ಯಾಮೆಡಿಟ್' ಬಫರ್ ಓವರ್‌ಫ್ಲೋ (ಮೀಸಲಿಟ್ಟ ಮೆಮೊರಿ ಮೀರಿ ಡೇಟಾ ಬರೆಯೋ ದೋಷ) ಇದೆ ಅಂತಿದೆ ಅಂದಿದ್ದೆನಲ್ಲ, ಬಗೆಹರೀತು.

'ವಿಚ್ ಮೈನಸ್ ಎ ಸುಡೊ' (ಆ ಹೆಸರಿನ ಪ್ರೋಗ್ರಾಂ ಎಲ್ಲೆಲ್ಲಿದೆ ಅಂತ ತೋರಿಸೋ ಕಮಾಂಡ್) ಹೊಡೆದು ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಸುಡೊ ಒಂದಲ್ಲ, ಎರಡಿತ್ತು! ನನಗಿಂತ ಮುಂಚೆ ಇದ್ದವರು ಯಾರೋ ಸೋರ್ಸ್‌ನಿಂದ ಕಂಪೈಲ್ ಮಾಡಿ ಯೂಸರ್-ಲೋಕಲ್ ಬಿನ್ ಫೋಲ್ಡರ್‌ನಲ್ಲಿ ಇಟ್ಟು ಹೋಗಿದ್ದಾರೆ. ಮಾಲೀಕ ರೂಟ್, ಪರ್ಮಿಷನ್‌ನಲ್ಲಿ ಎಕ್ಸ್ ಇರಬೇಕಾದ ಕಡೆ ಎಸ್, ಅಂದ್ರೆ ಸೆಟ್‌ಯುಐಡಿ: ಯಾರು ಓಡಿಸಿದ್ರೂ ಮಾಲೀಕನ ಅಧಿಕಾರದಲ್ಲೇ ಓಡುತ್ತೆ. ಪಾತ್‌ನಲ್ಲಿ (ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಅದೇ ಮೊದಲು ಸಿಗೋದು. ಉಬುಂಟುವಿನ ಅಪ್‌ಡೇಟ್ ಟೂಲ್ ಆಪ್ಟ್ ಅದನ್ನ ಮುಟ್ಟೋದೂ ಇಲ್ಲ. ತೆಗೆದುಹಾಕಿ ಸಾಮಾನ್ಯ ಯೂಸರ್ ಆಗಿ ಈ ದೋಷ ಇದೆಯಾ ಅಂತ ಪರೀಕ್ಷಿಸೋ 'ಸುಡೊಎಡಿಟ್ ಮೈನಸ್ ಎಸ್ ಸ್ಲ್ಯಾಶ್' ಕಮಾಂಡ್ ಕೊಟ್ಟೆ. ಮೊದಲು 'ಸುಡೊಎಡಿಟ್:' ಅಂತ ಶುರುವಾಗ್ತಿದ್ದ ಎರರ್ ಈಗ 'ಯೂಸೇಜ್:' ಅಂತ ಬರ್ತಿದೆ. ಅಲ್ಲಿಗೆ ಸರಿಹೋಯ್ತು.

ಸುಡೊ ವರ್ಷನ್ (ದೋಷ ಸರಿಪಡಿಸಿದ) 1.9.5ಪಿ2 ಆಗಲೇಬೇಕು ಅಂತ ಬಂದ ಸಲಹೆ ಇಲ್ಲಿ ಹೊಂದಲ್ಲ. ಉಬುಂಟು 1.8.31 ಅನ್ನೋ ಹಳೇ ನಂಬರ್ ಇಟ್ಕೊಂಡೇ ತಿದ್ದುಪಡಿ ಸೇರಿಸಿದೆ. ಸುಡೊಯರ್ಸ್‌ನಿಂದ (ಸುಡೊ ಬಳಸಬಹುದಾದವರ ಪಟ್ಟಿ) ಹೆಸರು ತೆಗೆಯೋದಂತೂ ದಂಡ: ಆ ಪಟ್ಟಿಯಲ್ಲಿ ಇಲ್ಲದವರೂ ಪಾಸ್‌ವರ್ಡ್ ಇಲ್ಲದೆ ರೂಟ್ ಆಗಬಹುದಿತ್ತು.

ಓದಿ ಬೆರಗಾಗಿದ್ದು ಈ ದೋಷದ ಕಾರಣ ಎಷ್ಟು ಚಿಕ್ಕದು ಅಂತ. ಆರ್ಗ್ಯುಮೆಂಟ್ (ಕಮಾಂಡ್ ಜೊತೆ ಕೊಡೋ ಪದ) ಕೊನೆಯಲ್ಲಿ ಒಂಟಿ ಬ್ಯಾಕ್‌ಸ್ಲ್ಯಾಶ್ ಇದ್ರೆ ಲೂಪ್ ಅದರ ಮುಂದಿನ ನಲ್ ಅಕ್ಷರವನ್ನೇ (ಪದ ಮುಗೀತು ಅನ್ನೋ ಗುರುತು) ದಾಟಿ, ಆಚೆ ಇರೋದನ್ನೆಲ್ಲ ಹೀಪ್ ಬಫರ್‌ಗೆ (ಅದಕ್ಕೆ ಮೀಸಲಿಟ್ಟ ಮೆಮೊರಿ) ತುಂಬ್ತಾ ಹೋಗುತ್ತೆ. 2011ರ ಜುಲೈನಿಂದ ಹಾಗೇ ಇತ್ತಂತೆ, ಎಲ್ಲರ ಕಣ್ಣೆದುರಿನ ಓಪನ್ ಸೋರ್ಸ್‌ನಲ್ಲಿ!

ಇದೇ ತೊಂದರೆ ಇರೋರು 'ಫೈಂಡ್' ಕಮಾಂಡ್‌ಗೆ ಪರ್ಮಿಷನ್ ಮೈನಸ್ 4000 ಕೊಟ್ಟು ಸೆಟ್‌ಯುಐಡಿ ಫೈಲ್‌ಗಳನ್ನೆಲ್ಲ ಒಮ್ಮೆ ನೋಡ್ಕೊಳ್ಳಿ.