ಡಾಕ್ಟರನ್ನು ಕೇಳಿ: ಹಾಸ್ಟೆಲ್, ಜ್ವರ, ಮಾಸ್ಕ್, ಕಷಾಯ (ಕಾಲೇಜು ಗ್ರೂಪಿನ ಚಾಟ್, ಆಗಸ್ಟ್ 2021, ಆಗಿನ ಕೊರೊನಾ ನಿಯಮಗಳೊಂದಿಗೆ)

ಅಡ್ಮಿನ್: ಜುಲೈ 26ಕ್ಕೆ ಕಾಲೇಜು ತೆರೆದ ಮೇಲೆ ಹಾಸ್ಟೆಲ್ ಅರ್ಧ ತುಂಬಿದೆ. ಯಾರಿಗೆ ಸೀನು ಬಂದರೂ ಇಡೀ ಮಹಡಿಗೆ ಹೆದರಿಕೆ. ಮಂಗಳೂರು ಹತ್ತಿರದ ದೇರಳಕಟ್ಟೆ ಕಡೆಯ ಫಿಸಿಶಿಯನ್ ಮೇಡಂ ಒಬ್ಬರು ಡ್ಯೂಟಿ ಮುಗಿಸಿ ಇವತ್ತು ರಾತ್ರಿ ಉತ್ತರ ಕೊಡಲು ಒಪ್ಪಿದ್ದಾರೆ. ಮೇಲಿನ ಉತ್ತರ ಓದಿ ಆಮೇಲೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ಬಿಕಾಂ ಫೈನಲ್: ನಮಸ್ತೆ ಮೇಡಂ. ಕೋವಿಶೀಲ್ಡ್ ಮೊದಲ ಡೋಸ್ ಆಗಿದೆ. ಎರಡನೇದು ಯಾವಾಗ?

ಡಾಕ್ಟರ್: ನಮಸ್ತೆ. 84 ದಿನ ಆದ ಮೇಲೆ. ಓದಲು ಹೊರದೇಶಕ್ಕೆ ಹೋಗುವವರಿಗೆ 28 ದಿನಕ್ಕೇ ಕೊಡುತ್ತಾರೆ, ಅಡ್ಮಿಷನ್ ಆದ ಕಾಗದ ತೋರಿಸಬೇಕು.

ರೂಮ್ 14: ಮಳೆಗೆ ಮಾಸ್ಕ್ ಒಣಗುವುದೇ ಇಲ್ಲ ಮೇಡಂ. ಎನ್95 ಒಗೆದು ಫ್ಯಾನ್ ಕೆಳಗೆ ಹಾಕಬಹುದಾ?

ಡಾಕ್ಟರ್: ಎನ್95 ಒಗೆಯಲೇಬೇಡಿ. ಸೋಪು ನೀರು ತಾಗಿದರೆ ಸಣ್ಣ ಕಣಗಳನ್ನು ಸೆಳೆದು ಹಿಡಿಯುವ ಗುಣ ಹೋಗುತ್ತದೆ. ನಾಲ್ಕೈದು ಇಟ್ಟುಕೊಳ್ಳಿ, ಒಂದೊಂದನ್ನೂ ಕಾಗದದ ಕವರಿಗೆ ಹಾಕಿ ಸರದಿಯಲ್ಲಿ ಬಳಸಿ. ಬಟ್ಟೆ ಮಾಸ್ಕ್ ಆದರೆ ಬ್ಯಾಗಿನಲ್ಲಿ ಯಾವಾಗಲೂ ಒಣಗಿದ್ದು ಒಂದು ಇರಲಿ. ತೊಕ್ಕೊಟ್ಟಿನಿಂದ ಬರುವ ಬಸ್ಸಿನಲ್ಲಿ ಮಳೆ ಬಂದ ಕೂಡಲೇ ಎಲ್ಲ ಶಟರ್ ಎಳೆಯುತ್ತಾರೆ. ಮಾಸ್ಕ್ ನಿಜವಾಗಿ ಬೇಕಾಗುವುದು ಅಲ್ಲಿ. ನೀವೆಲ್ಲ ಅಲ್ಲೇ ಗಲ್ಲಕ್ಕೆ ಇಳಿಸುತ್ತೀರಿ.

ಕಾಸರಗೋಡು ಹುಡುಗಿ: ಮೇಡಂ, ಶನಿವಾರ ಮನೆಗೆ ಹೋಗಿ ಬಂದರೂ ತಲಪಾಡಿಯ ಕೇರಳ ಗಡಿಯಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ಕೊರೊನಾ ಟೆಸ್ಟ್ ರಿಪೋರ್ಟ್ ಕೇಳುತ್ತಾರೆ. ಲಸಿಕೆ ಆದವರಿಗೂ ಯಾಕೆ?

ಕುಡ್ಲದ ಮಾಣಿ: ಆ ಕಡೆ ಕೇಸ್ ಜಾಸ್ತಿ ಉಂಟು, ಅದಕ್ಕೆ. ಮನೆಗೆ ಹೋಗದೆ ಇಲ್ಲೇ ಇರಿ.

ಕಾಸರಗೋಡು ಹುಡುಗಿ: ನಿಮ್ಮನ್ನು ಕೇಳಲಿಲ್ಲ.

ಬಿ ಬ್ಲಾಕ್: ಮೇಡಂ ಅರ್ಜೆಂಟ್. ರೂಮ್‌ಮೇಟ್‌ಗೆ ಐದು ದಿನದಿಂದ ಜ್ವರ. ರ‍್ಯಾಪಿಡ್ ಟೆಸ್ಟೂ ನೆಗೆಟಿವ್, ಆರ್‌ಟಿ-ಪಿಸಿಆರೂ ನೆಗೆಟಿವ್. ಆದರೂ ಕೊರೊನಾನೇ ಅಂತ ಬೇರೆ ರೂಮಿಗೆ ಹಾಕಿದ್ದಾರೆ. ನಿನ್ನೆ ಪೂರ್ತಿ ಆರಾಮ ಇದ್ದ, ಮೆಸ್ಸಿನ ಗಂಜಿ ಎರಡು ಸಲ ಹಾಕಿಸಿಕೊಂಡ. ಇವತ್ತು ಸಂಜೆ ನಾಲ್ಕಕ್ಕೆ ಹಲ್ಲು ಕಟಕಟ, ಎರಡು ಕಂಬಳಿ ಹೊದೆಸಿದರೂ ನಡುಕ. ಈಗ ಬೆವರಿ ಬನಿಯನ್ ಹಿಂಡುವ ಹಾಗಿದೆ. ಮೊನ್ನೆಯೂ ಹೀಗೇ ಆಗಿತ್ತು. ಸೀನಿಯರ್ ಒಬ್ಬರು ಅಜಿಥ್ರೋಮೈಸಿನ್ ಆಂಟಿಬಯೋಟಿಕ್, ಡೆಕ್ಸಾ ಅನ್ನುವ ಸ್ಟೀರಾಯ್ಡ್ ಮಾತ್ರೆ ತಂದುಕೊಟ್ಟಿದ್ದಾರೆ.

ಡಾಕ್ಟರ್: ಆಕ್ಸಿಮೀಟರಿನಲ್ಲಿ ರಕ್ತದ ಆಕ್ಸಿಜನ್ ಎಷ್ಟು ತೋರಿಸುತ್ತದೆ? ಮಾತು ಸರಿಯಾಗಿ ಆಡುತ್ತಾನಾ? ಮೂತ್ರದ ಬಣ್ಣ? ಮೊದಲು ಯಾವಾಗಲಾದರೂ ಮಲೇರಿಯಾ ಬಂದಿತ್ತಾ?

ಬಿ ಬ್ಲಾಕ್: 97. ಮಾತು ಸರಿ ಇದೆ. ಮೂತ್ರ ಸ್ವಲ್ಪ ಹಳದಿ ಅಂತಾನೆ. ಮೇ ತಿಂಗಳಲ್ಲಿ ಮಲೇರಿಯಾ ಆಗಿತ್ತಂತೆ. ಜ್ವರ ಬಿಟ್ಟಿತು ಅಂತ ನಾಲ್ಕನೇ ದಿನ ಮಾತ್ರೆ ನಿಲ್ಲಿಸಿದನಂತೆ.

ಡಾಕ್ಟರ್: ಬೆಳಿಗ್ಗೆವರೆಗೆ ಕಾಯಬೇಡಿ. ಈಗಲೇ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿ. ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ, ವಾರ್ಡನ್‌ಗೆ ಹೇಳಿ ಗಾಡಿ ತೆಗೆಯಿರಿ. ಅಲ್ಲಿ ಹೋಗಿ 'ಮಲೇರಿಯಾಕ್ಕೆ ರಕ್ತದ ಸ್ಮಿಯರ್ ಪರೀಕ್ಷೆ ಮಾಡಿ' ಅಂತ ನೀವೇ ಬಾಯಿ ಬಿಟ್ಟು ಕೇಳಿ. ಡೆಂಗ್ಯೂ ಪರೀಕ್ಷೆ, ಪ್ಲೇಟ್‌ಲೆಟ್, ಇಲಿ ಜ್ವರದ್ದೂ ನೋಡಲಿ.

ಚಳಿ, ಜ್ವರ, ಬೆವರು, ನಡುವೆ ಒಂದು ದಿನ ಬಿಡುವು. ಮಂಗಳೂರಿನಲ್ಲಿ ಕೂತು ಇದನ್ನು ಗುರುತಿಸದಿದ್ದರೆ ಹೇಗೆ? ವೈವಾಕ್ಸ್ ಮಲೇರಿಯಾದಲ್ಲಿ ರೋಗಾಣು ರಕ್ತದಿಂದ ಹೋದರೂ ಲಿವರ್‌ನಲ್ಲಿ ಅಡಗಿ ಕೂರುತ್ತದೆ. ಕ್ಲೋರೋಕ್ವಿನ್ ಮೂರು ದಿನ ಕೊಡುತ್ತೇವೆ, ಜ್ವರ ಬಿಡುತ್ತದೆ. ಲಿವರ್‌ನಲ್ಲಿದ್ದದ್ದು ಸಾಯಬೇಕಾದರೆ ಪ್ರೈಮಾಕ್ವಿನ್ 14 ದಿನ ನುಂಗಬೇಕು. ಇವನು ನಾಲ್ಕಕ್ಕೇ ಬಿಟ್ಟಿದ್ದಾನೆ, ಅದು ತಿರುಗಿ ಎದ್ದು ಬಂದಿರಬಹುದು. ಫಾಲ್ಸಿಪಾರಮ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಆಗಿದ್ದರೆ ಇನ್ನೂ ಅಪಾಯ, ಮೆದುಳಿಗೂ ಕಿಡ್ನಿಗೂ ಏರಬಹುದು. ಹಾಗಾಗಿಯೇ ಈ ರಾತ್ರಿ ಹೋಗಿ ಎನ್ನುತ್ತಿದ್ದೇನೆ.

ಡೆಕ್ಸಾ ಇನ್ನು ಕೊಡಬೇಡಿ. ಎಷ್ಟು ಮಾತ್ರೆ ಹೋಗಿದೆ ಅಂತ ಅಲ್ಲಿನ ಡಾಕ್ಟರಿಗೆ ಹೇಳಿ. ಅದು ಕೋವಿಡ್‌ನಲ್ಲಿ ಉಪಯೋಗಕ್ಕೆ ಬಂದದ್ದು ಆಕ್ಸಿಜನ್ ಬೇಕಾದವರಿಗೆ. 97 ಇರುವ ಹುಡುಗನಿಗೆ ಕೊಟ್ಟರೆ ಇದ್ದ ಸೋಂಕು ಬೆಳೆಯಲು ದಾರಿ. ಆ ಸೀನಿಯರ್ ಯಾವ ಕೋರ್ಸು?

ಬಿ ಬ್ಲಾಕ್: ಎಂಬಿಎ ಮೇಡಂ. ಹೊರಟೆವು.

ಕ್ರಿಕೆಟ್ ಕ್ಯಾಪ್ಟನ್: ಎರಡನೇ ಡೋಸ್ ಎಷ್ಟು ದಿನಕ್ಕೆ ಮೇಡಂ?

ಡಾಕ್ಟರ್: ಮೇಲೆ ಇದೆ.

ಬೆಳ್ತಂಗಡಿ ಭಟ್ರು: ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ? ಭಾನುವಾರ ತುಳುವಿನ ಆಟಿ ತಿಂಗಳ ಅಮಾವಾಸ್ಯೆ. ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದರೆ ಮಲೇರಿಯಾವೂ ಇಲ್ಲ, ಕೊರೊನಾವೂ ಇಲ್ಲ. ಜೊತೆಗೆ ದಿನಾ ಮೂರು ಹೊತ್ತು ಅಮೃತಬಳ್ಳಿ, ಮೂಗಿಗೆ ಎರಡು ಹನಿ ಲಿಂಬೆ ರಸ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಮೂಗಿಗೆ ಲಿಂಬೆ ಹನಿ ಯಾರೂ ಹಾಕಬೇಡಿ. ಉರಿ ಬಿಟ್ಟರೆ ಬೇರೆ ಏನೂ ಸಿಗುವುದಿಲ್ಲ. ಅಮೃತಬಳ್ಳಿ ಜಾಸ್ತಿ ದಿನ ತಿಂದು ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಪಾಲೆ ಕಷಾಯ ವರ್ಷಕ್ಕೊಂದು ದಿನದ ಪದ್ಧತಿ, ನಾನೂ ಅಜ್ಜಿ ಮನೆಯಲ್ಲಿ ಕುಡಿದವಳು, ಮೇಲಿಂದ ಮೆಂತೆ ಗಂಜಿ ಉಂಡವಳು. ಅದನ್ನು ಲಸಿಕೆ ಮಾಡಬೇಡಿ.

ಬೆಳ್ತಂಗಡಿ ಭಟ್ರು: ನಿಮ್ಮ ಮಾತ್ರೆಗೆ ಸೈಡ್ ಎಫೆಕ್ಟ್ ಇಲ್ಲವೋ?

ಬಯೋಕೆಮ್: ಭಟ್ರೇ, ಕೊರೊನಾಕ್ಕೆ ಪಾಲೆ ಕೆತ್ತೆ ಆಗುತ್ತದೆ ಅಂತ ಯಾರು ನೋಡಿದ್ದು? ಒಂದು ಸಾಕ್ಷಿ ಕೊಡಿ.

ಬೆಳ್ತಂಗಡಿ ಭಟ್ರು: ನಮ್ಮ ಅಜ್ಜ 92 ವರ್ಷ ಬದುಕಿದ್ದಾರೆ. ಅದೇ ಸಾಕ್ಷಿ.

ಬಯೋಕೆಮ್: ನನ್ನ ಅಜ್ಜ ಬೀಡಿ ಸೇದಿ 90 ಬದುಕಿದ್ದಾರೆ. ನಾಳೆಯಿಂದ ಬೀಡಿ ಹಂಚೋಣವಾ?

ಕುಡ್ಲದ ಮಾಣಿ: 😂

ಬೆಳ್ತಂಗಡಿ ಭಟ್ರು: ದೊಡ್ಡವರಿಗೆ ಮರ್ಯಾದೆ ಕೊಡಲು ಕಾಲೇಜಿನಲ್ಲಿ ಕಲಿಸುವುದಿಲ್ಲ ಅಂತ ಕಾಣುತ್ತದೆ.

ಅಡ್ಮಿನ್: ಇಬ್ಬರೂ ಸಾಕು.

ಲೇಡೀಸ್ ಹಾಸ್ಟೆಲ್ ವಾರ್ಡನ್: ಡಾಕ್ಟ್ರೇ, ಗಾಳಿ ಆಡಲಿ, ಕಿಟಕಿ ತೆರೆದಿಡಿ ಎನ್ನುತ್ತೀರಿ. ಸೊಳ್ಳೆಗೆ ಕಿಟಕಿ ಮುಚ್ಚಿ ಎನ್ನುತ್ತೀರಿ. ಮಕ್ಕಳಿಗೆ ಎಂತ ಹೇಳುವುದು?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಕಿಟಕಿ ತೆರೆದೇ ಇರಲಿ, ಮಂಚಕ್ಕೆ ಸೊಳ್ಳೆಪರದೆ ಕಟ್ಟಿ. ಮಲೇರಿಯಾ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ತನಕ. ಕಿಟಕಿಗೆ ಬಲೆ ಹೊಡೆಸಿದರೆ ಇನ್ನೂ ಒಳ್ಳೆಯದು, ಗಾಳಿ ನಿಲ್ಲುವುದಿಲ್ಲ. ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ಈ ವಾರವೇ ನೋಡಿಸಿ. ಹೊಸ ಕಟ್ಟಡ ಕಟ್ಟುತ್ತಿದ್ದರೆ ಅಲ್ಲಿ ನಿಂತ ನೀರು ಖಾಲಿ ಮಾಡಿಸಿ. ನಮ್ಮೂರಿನ ಮಲೇರಿಯಾ ಸೊಳ್ಳೆ ಮೊಟ್ಟೆ ಇಡುವುದು ಇಂಥ ಶುದ್ಧ ನೀರಿನಲ್ಲೇ, ಚರಂಡಿಯಲ್ಲಲ್ಲ. ಮೆಸ್ಸಿನಲ್ಲಿ ಎದುರುಬದುರು ಕೂತು ಮಾಸ್ಕ್ ತೆಗೆದು ಹರಟುತ್ತಾರಲ್ಲ, ತಂಡ ಮಾಡಿ ಊಟಕ್ಕೆ ಕಳಿಸಿ ಅದನ್ನು ಬಿಡಿಸಿ.

ರೂಮ್ 9: ಆಕ್ಸಿಮೀಟರ್ 88 ತೋರಿಸುತ್ತಿದೆ!! ನನಗೆ ಏನೂ ಆಗಿಲ್ಲ. ಭಯ ಆಗ್ತಿದೆ.

ಡಾಕ್ಟರ್: ನೈಲ್ ಪಾಲಿಶ್ ಇದೆಯಾ? ಒರೆಸಿ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ, ಒಂದು ನಿಮಿಷ ಅಲುಗಾಡದೆ ಕೂತು ಮತ್ತೆ ನೋಡಿ. 94ಕ್ಕಿಂತ ಕಡಿಮೆಯೇ ಬಂದರೆ ಹೊರಡಿ.

ರೂಮ್ 9: 98 ಬಂತು. ಮೆಹಂದಿನೂ ಇತ್ತು. ಸಾರಿ.

ಹೊಸ ಸದಸ್ಯ: ಜ್ವರ ಬರಬಾರದು ಅಂತ ಲಸಿಕೆಗೆ ಮೊದಲೇ ಡೋಲೋ ತಿನ್ನಬಹುದಾ? ಮತ್ತೆ ಸೆಕೆಂಡ್ ಡೋಸ್ ಯಾವಾಗ?

ಡಾಕ್ಟರ್: ಮೊದಲೇ ಬೇಡ. ಜ್ವರ ಬಂದರೆ ತಿನ್ನಿ. ಎರಡನೇದಕ್ಕೆ ಕಣ್ಣು ಮೇಲೆ ಹಾಯಿಸಿ.

ಬಿ ಬ್ಲಾಕ್: ಮೇಡಂ, ಸ್ಮಿಯರ್ ಪಾಸಿಟಿವ್. ವೈವಾಕ್ಸ್. ಪ್ಲೇಟ್‌ಲೆಟ್ 92 ಸಾವಿರ. ಅಡ್ಮಿಟ್ ಮಾಡಿಕೊಂಡಿದ್ದಾರೆ.

ಡಾಕ್ಟರ್: ಒಳ್ಳೆಯದಾಯಿತು. ಪ್ರೈಮಾಕ್ವಿನ್ ಶುರು ಮಾಡುವ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿದರಾ ಕೇಳಿ. ಆ ಕಿಣ್ವದ ಕೊರತೆ ಇದ್ದವರಿಗೆ ಈ ಮಾತ್ರೆಯಿಂದ ರಕ್ತಕಣ ಒಡೆಯುತ್ತವೆ. ಈ ಸಲ 14 ದಿನವೂ ನಿಮ್ಮ ಕಣ್ಣೆದುರೇ ನುಂಗಲಿ. ಹುಡುಗರ ಹಾಸ್ಟೆಲ್ ವಾರ್ಡನ್ ಸರ್, ಕೋವಿಡ್ ನೆಗೆಟಿವ್ ಬಂದ ಹುಡುಗನಿಗೆ ಮಲೇರಿಯಾ ಪರೀಕ್ಷೆ ಮಾಡಿಸದೆ ರೂಮಿನಲ್ಲಿ ಇಟ್ಟದ್ದು ಯಾರ ತೀರ್ಮಾನ?

ಕಾಸರಗೋಡು ಹುಡುಗಿ: ಮೇಡಂ, ನನ್ನ ಪ್ರಶ್ನೆ?

ಬಯೋಕೆಮ್: ವಾರ್ಡನ್ ಸರ್ ಆನ್‌ಲೈನ್ ಇದ್ದಾರೆ, ಉತ್ತರ ಇಲ್ಲ.

ಬೆಳ್ತಂಗಡಿ ಭಟ್ರು: ನಮ್ಮ ತೋಟದ ಬದಿಯ ಮರದ ಫೋಟೋ ಹಾಕಿದ್ದೇನೆ. ಕೆಲಸದವ ಪಾಲೆ ಅಂತಾನೆ, ಹೆಂಡತಿ ಕಾಸರಕ ಅಂತಾಳೆ. ಡಾಕ್ಟ್ರು ನೋಡಿ ಹೇಳಲಿ.

ಡಾಕ್ಟರ್: ಕಾಸರಕ ಆಗಿದ್ದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ. ಮೈ ಸೆಟೆದು ಫಿಟ್ಸ್ ಬಂದು ಸಾಯುತ್ತಾರೆ. ಫೋಟೋ ನೋಡಿ ಮರ ಹೇಳುವುದು ನನ್ನ ಕೆಲಸ ಅಲ್ಲ. ಮನೆಯವರ ಮಾತು ಕೇಳಿ, ಕುಡಿಯಬೇಡಿ. ನನಗೆ ಬೆಳಿಗ್ಗೆ ಏಳಕ್ಕೆ ಡ್ಯೂಟಿ.